ಕಳೆಯೊಂದಕ್ಕೇ ಹನ್ನೊಂದು ಖಾತೆ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು 24 ಎಕರೆ ತೋಟ. ಒಂದು ಕಡೆ ಅರೇಬಿಕಾ, ಇನ್ನೊಂದು ಕಡೆ ರೋಬಸ್ಟಾ, ಮರಗಳಿಗೆ ಮೆಣಸಿನ ಬಳ್ಳಿ. ಮನೆಯ ಪಕ್ಕದಲ್ಲಿ ನಾಲ್ಕು ರೂಮಿನ ಹೋಂಸ್ಟೇ ಇದೆ. ಎರಡು ವರ್ಷದಿಂದ ನಮ್ಮದೇ ಕಾಫಿಯನ್ನು ಹುರಿದು ಪುಡಿ ಮಾಡಿ ಮಾರುತ್ತಿದ್ದೇವೆ, ಅದಕ್ಕೆ ಜಿಎಸ್‌ಟಿ ನೋಂದಣಿ ಮಾಡಿಸಿದ್ದೇವೆ. ಮಾವನವರ ಕಾಲದ ರೈಟರ್ ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದಿದೆ. ಅದರಲ್ಲಿ 214 ಲೆಜರ್‌ಗಳಿವೆ. 'ಕಳೆ ಮೇಲಿನ ತೋಟ', 'ಕಳೆ ಹೊಳೆಬದಿ' ಹೀಗೆ ಕಳೆಯೊಂದಕ್ಕೇ ಹನ್ನೊಂದು. ಹೆಚ್ಚಿನವು ಇನ್‌ಡೈರೆಕ್ಟ್ ಎಕ್ಸ್‌ಪೆನ್ಸಸ್ ಅಡಿಯಲ್ಲಿ ಸಾಲಾಗಿ ನಿಂತಿವೆ. ಆಡಿಟರ್ 'ಪುಡಿಯಲ್ಲಿ ಎಷ್ಟು ಉಳಿಯಿತು, ಕಾಫಿಯಲ್ಲಿ ಎಷ್ಟು' ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಮುಖ್ಯ ಖಾತೆ, ಉಪಖಾತೆ ಎಂದು ಹೇಗೆ ವಿಂಗಡಿಸಲಿ? ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಲೇ?

ಉತ್ತರ: ಅಳಿಸಬೇಡಿ. ವಹಿವಾಟು ಇರುವ ಲೆಜರನ್ನು ಅಳಿಸಲು ಟ್ಯಾಲಿ ಬಿಡುವುದೂ ಇಲ್ಲ. ಹೊಸ ಕಂಪನಿ ಫೈಲು ತೆರೆದು ಹಳೆಯದನ್ನು ಮೂಲೆಗಿಡುವ ಅಗತ್ಯವೂ ಕಾಣುವುದಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಮಾಹಿತಿ ಸರಿಯಾಗಿಯೇ ಸೇರಿದೆ, ಜೋಡಣೆ ಮಾತ್ರ ತಪ್ಪಿದೆ. ಜೋಡಣೆಯನ್ನು ಒಂದು ವಾರದ ಸಂಜೆಗಳಲ್ಲಿ ಸರಿಮಾಡಬಹುದು.

ಆ ಹನ್ನೊಂದು ಕಳೆ ಖಾತೆಗಳಿಂದಲೇ ಶುರು ಮಾಡೋಣ, ಏಕೆಂದರೆ ಉಳಿದ ಗೋಜಲೆಲ್ಲ ಅಲ್ಲಿಂದಲೇ ಹುಟ್ಟಿದೆ. ನಿಮ್ಮ ರೈಟರ್ ಕಾಗದದ ಲೆಜರಿನಲ್ಲಿ ಕೈ ಪಳಗಿಸಿಕೊಂಡವರಿರಬೇಕು. ಅಲ್ಲಿ ಒಂದೊಂದು ಬಾಬ್ತಿಗೆ ಒಂದೊಂದು ಪುಟ. 'ಹೊಳೆಬದಿಗೆ ಕಳೆ ತೆಗೆಸಿದ್ದಕ್ಕೆ ಎಷ್ಟಾಯ್ತು' ಎಂದು ಯಜಮಾನರು ಕೇಳಿದರೆ ತಕ್ಷಣ ಹೇಳಬೇಕಲ್ಲ, ಹಾಗಾಗಿ ಹೊಳೆಬದಿ ಕಳೆಗೆ ಬೇರೆಯೇ ಪುಟ. ಕಾಗದದಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ, ಅವರು ಮಾಡಿದ್ದು ಸರಿ. ಟ್ಯಾಲಿ ಬಂದಾಗ ಆ ಪುಟಗಳೆಲ್ಲ ಹಾಗೆಹಾಗೇ ಲೆಜರ್‌ಗಳಾಗಿ ಒಳಗೆ ಬಂದವು.

'ಕಳೆ ಹೊಳೆಬದಿ' ಎಂಬ ಒಂದು ಹೆಸರಿನಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ: ಯಾವ ಕೆಲಸ, ಮತ್ತು ಎಲ್ಲಿ. ತೋಟದಲ್ಲಿ ಹನ್ನೊಂದು ತಾಕು, ಒಂಬತ್ತು ಬಗೆಯ ಕೆಲಸ ಇದ್ದರೆ ತೊಂಬತ್ತೊಂಬತ್ತು ಲೆಜರ್ ಆಗುತ್ತವೆ. ನಾಳೆ ಪಕ್ಕದ ಎರಡು ಎಕರೆ ಕೊಂಡರೆ ಇನ್ನೂ ಒಂಬತ್ತು. ಮುಖ್ಯ ಖಾತೆ, ಉಪಖಾತೆಯ ಕ್ರಮ ಒಂದೇ ಪ್ರಶ್ನೆಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಲು ಮಾತ್ರ ಬರುತ್ತದೆ. ತೋಟದ ಖರ್ಚು, ಅದರೊಳಗೆ ಸಿಂಪಡಣೆ, ಅದರೊಳಗೆ ಮೈಲುತುತ್ತು. ಎರಡನೆಯ ಪ್ರಶ್ನೆಯನ್ನೂ ಅದೇ ಮರಕ್ಕೆ ಕಟ್ಟಿದರೆ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ.

'ಎಲ್ಲಿ' ಎಂಬುದಕ್ಕೆ ಟ್ಯಾಲಿಯಲ್ಲಿ ಕಾಸ್ಟ್ ಸೆಂಟರ್ ಎಂಬ ಬೇರೆ ಜಾಗವೇ ಇದೆ. ಎಫ್11 ಒತ್ತಿ ಅದನ್ನು ಚಾಲೂ ಮಾಡಿ. ಮೇಲಿನ ತೋಟ, ಹೊಳೆಬದಿ, ರೋಬಸ್ಟಾ ತಾಕು ಎಂದು ಕಾಸ್ಟ್ ಸೆಂಟರ್‌ಗಳನ್ನು ಮಾಡಿಕೊಳ್ಳಿ. ಲೆಜರ್ ಮಾತ್ರ 'ಕಳೆ' ಎಂದು ಒಂದೇ. ವಾರದ ಕಳೆ ಕೂಲಿ 18,000 ರೂಪಾಯಿ ನಮೂದಿಸುವಾಗ ಅದರಲ್ಲಿ 11,000 ಹೊಳೆಬದಿಗೆ, 7,000 ಮೇಲಿನ ತೋಟಕ್ಕೆ ಎಂದು ಅಲ್ಲೇ ಹಂಚಬಹುದು. ಲೆಜರ್ ತೆಗೆದರೆ ವರ್ಷದ ಒಟ್ಟು ಕಳೆ ಖರ್ಚು ಸಿಗುತ್ತದೆ. ಕಾಸ್ಟ್ ಸೆಂಟರಿನ ವರದಿ ತೆಗೆದರೆ ಹೊಳೆಬದಿಗೆ ಕಳೆ, ಗೊಬ್ಬರ, ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಎಲ್ಲ ಸೇರಿ ಆದ ಖರ್ಚು ಸಿಗುತ್ತದೆ. ಕಾಗದದ ಪುಸ್ತಕದಲ್ಲಿ ಈ ಎರಡನೆಯ ಮೊತ್ತ ಬೇಕೆಂದರೆ ಒಂಬತ್ತು ಪುಟ ತಿರುವಿ ಕೂಡಬೇಕಿತ್ತು. ಜೋಹೋ ಬುಕ್ಸ್ ಎಂಬ ಇನ್ನೊಂದು ಲೆಕ್ಕದ ಸಾಫ್ಟ್‌ವೇರ್ ಬಳಸುವವರಿಗೆ ಇದೇ ಕೆಲಸಕ್ಕೆ ರಿಪೋರ್ಟಿಂಗ್ ಟ್ಯಾಗ್ ಇದೆ.

ಒಂದು ಸಲಹೆ. ಹನ್ನೊಂದು ತಾಕನ್ನೂ ಹಾಗೇ ತರಬೇಡಿ. ನಿಮ್ಮ ಚೆಕ್‌ರೋಲಿನಲ್ಲಿ (ಆಳುಗಳ ಹಾಜರಿ, ಕೂಲಿಯ ಪಟ್ಟಿ) ಮೇಸ್ತ್ರಿ ನಿಜವಾಗಿ ಬೇರೆಬೇರೆಯಾಗಿ ಬರೆಯುವ ತಾಕುಗಳು ಎಷ್ಟಿವೆಯೋ ಅಷ್ಟೇ ಸಾಕು. 24 ಎಕರೆಗೆ ನಾಲ್ಕೈದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ಮೇಸ್ತ್ರಿಗೆ ನೆನಪಿಲ್ಲದ್ದನ್ನು ನೀವು ಸಂಜೆ ಅಂದಾಜಿನಲ್ಲಿ ಹಂಚಿದರೆ ಆ ವರದಿಯನ್ನು ನಂಬಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಲಾಗದು.

ಈಗ ಆಡಿಟರ್ ಕೇಳಿದ ಪ್ರಶ್ನೆಗೆ ಬರೋಣ. ಕಾಫಿ ಬೆಳೆಗಾರರ ಲೆಕ್ಕದ ಮರ ಖರ್ಚಿನಿಂದ ಹುಟ್ಟಬಾರದು, ಮಾರಾಟದಿಂದ ಹುಟ್ಟಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ಆದಾಯ ತೆರಿಗೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ (ಒಣಗಿದ ಹೊಟ್ಟು ತೆಗೆದು ಕಾಳು ಹಸನುಮಾಡುವುದು) ಮಾಡಿಸದೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಳು) ಅಥವಾ ಚೆರಿಯಾಗಿಯೇ (ಇಡೀ ಹಣ್ಣನ್ನೇ ಒಣಗಿಸಿದ್ದು) ಮಾರಿದರೆ ಬಂದ ಲಾಭ ಪೂರ್ತಿ ಕೃಷಿ ಆದಾಯ. ನೀವೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಲಾಭದ ಶೇ 25 ಭಾಗ ವ್ಯಾಪಾರದ ಆದಾಯ, ಉಳಿದ 75 ಕೃಷಿಯದ್ದು. ಕ್ಯೂರಿಂಗ್ ಮಾಡಿ, ಹುರಿದು, ಪುಡಿ ಮಾಡಿ ಮಾರಿದರೆ ವ್ಯಾಪಾರದ ಪಾಲು ಶೇ 40. ಚಿಕೋರಿ ಬೆರೆಸಿದರೂ ಬೆರೆಸದಿದ್ದರೂ ಇದು ಅಷ್ಟೇ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಇದು 7ಬಿ. ನಮ್ಮ ಕಡೆ ಬೆಳೆಗಾರರ ಬಾಯಲ್ಲೂ 'ಸೆವೆನ್ ಬಿ' ಎಂದೇ ಇದೆ. ಹತ್ತು ಲಕ್ಷ ಲಾಭ ಕ್ಯೂರಿಂಗ್ ಮಾಡಿಸಿದ ಕಾಳಿನಿಂದ ಬಂದಿದ್ದರೆ ಎರಡೂವರೆ ಲಕ್ಷ, ಪುಡಿಯಿಂದ ಬಂದಿದ್ದರೆ ನಾಲ್ಕು ಲಕ್ಷ ವ್ಯಾಪಾರದ ಆದಾಯವಾಗುತ್ತದೆ. ಎಲ್ಲವನ್ನೂ 'ಕಾಫಿ ಮಾರಾಟ' ಎಂಬ ಒಂದೇ ಲೆಜರಿಗೆ ಹಾಕಿಟ್ಟರೆ ಆಡಿಟರ್ ಈ ಲೆಕ್ಕ ಮಾಡುವುದಾದರೂ ಹೇಗೆ?

ಆದ್ದರಿಂದ ಸೇಲ್ಸ್ ಅಕೌಂಟ್ಸ್ ಅಡಿಯಲ್ಲಿ ಮೊದಲು 'ಕಾಫಿ' ಎಂಬ ಗ್ರೂಪ್, ಅಂದರೆ ಹಲವು ಲೆಜರ್‌ಗಳನ್ನು ಒಟ್ಟಿಗೆ ಇಡುವ ಮುಖ್ಯ ಖಾತೆ, ಮಾಡಿ. ಅದರೊಳಗೆ ಮೂರು ಲೆಜರ್: ಕ್ಯೂರಿಂಗ್ ಮಾಡದೆ ಮಾರಿದ್ದು, ಕ್ಯೂರಿಂಗ್ ಮಾಡಿಸಿ ಮಾರಿದ್ದು, ಪುಡಿ. ಅದರ ಪಕ್ಕದಲ್ಲಿ 'ಮೆಣಸು' ಒಂದು, ಸ್ವಂತ ತೋಟದ್ದಾದ್ದರಿಂದ ಅದು ಪೂರ್ತಿ ಕೃಷಿ ಆದಾಯ. 'ಹೋಂಸ್ಟೇ' ಇನ್ನೊಂದು ಗ್ರೂಪ್, ಅದು ಪೂರ್ತಿ ವ್ಯಾಪಾರ. ಅರೇಬಿಕಾ, ರೋಬಸ್ಟಾ ಎಂದು ಮಾರಾಟದ ಲೆಜರನ್ನು ಮತ್ತೆ ಒಡೆಯಬೇಡಿ. ಅದನ್ನು ಸ್ಟಾಕ್ ಐಟಂಗಳಾಗಿ ಇಟ್ಟರೆ ಕೆಜಿ ಲೆಕ್ಕವೂ ಜೊತೆಗೇ ಸಿಗುತ್ತದೆ.

ಪುಡಿಗೆ ನಿಮ್ಮ ಕಾಫಿ ಸಾಲದೆ ಪಕ್ಕದವರ ಕಾಫಿ ಕೊಂಡು ಬೆರೆಸುತ್ತಿದ್ದೀರಾ? ನೀವು ಬರೆದಿಲ್ಲ, ಆದರೆ ಆರ್ಡರ್ ಹೆಚ್ಚಾದಂತೆ ಎಲ್ಲರೂ ಅಲ್ಲಿಗೆ ಬರುತ್ತಾರೆ. 60-40ರ ಅನುಕೂಲ ತಾನೇ ಬೆಳೆದ ಕಾಫಿಗೆ ಮಾತ್ರ. ಕೊಂಡ ಕಾಫಿಯಿಂದ ಬಂದ ಲಾಭ ಪೂರ್ತಿ ವ್ಯಾಪಾರದ ಆದಾಯ. ಪರ್ಚೇಸ್ ಅಕೌಂಟ್ಸ್ ಅಡಿಯಲ್ಲಿ 'ಕೊಂಡ ಕಾಫಿ' ಎಂದು ಇಂದೇ ಒಂದು ಲೆಜರ್ ತೆರೆದಿಡಿ, ಒಂದು ಚೀಲ ಕೊಂಡರೂ ಅಲ್ಲಿಗೇ ಹೋಗಲಿ.

ಇಲ್ಲಿ ನಿಮಗೊಂದು ಸಂಶಯ ಬರಬೇಕು. ಮಾರಾಟ ಬೇರೆಯಾಯಿತು, ಖರ್ಚು? ಪುಡಿಗೆ ಹೋದ ಕಾಫಿಯ ಕಳೆಯನ್ನು ಬೇರೆ ಬರೆಯಬೇಕೇ? ಬೇಡ, ಅದು ಸಾಧ್ಯವೂ ಅಲ್ಲ. ಕಳೆ ತೆಗೆಯುವ ದಿನ ಯಾವ ಗಿಡದ ಹಣ್ಣು ಪುಡಿಯಾಗುತ್ತದೆಂದು ಯಾರಿಗೂ ತಿಳಿಯದು. ಹುರಿಯುವ, ಪುಡಿ ಮಾಡುವ, ಪೊಟ್ಟಣ ಕಟ್ಟುವ, ಕೊರಿಯರ್ ಖರ್ಚುಗಳು ಪುಡಿಗೇ ಸೇರಿದವು, ಅವುಗಳಿಗೆ 'ಪುಡಿ ಘಟಕ' ಎಂಬ ಗ್ರೂಪ್ ಇರಲಿ. ಬೆಳೆಯುವ ಮತ್ತು ಕ್ಯೂರಿಂಗ್‌ವರೆಗಿನ ಖರ್ಚು ಒಟ್ಟಿಗೇ ಇರಲಿ, ವರ್ಷದ ಕೊನೆಗೆ ತೂಕದ ಮೇಲೆ ಹಂಚಿ. ಕ್ಯೂರಿಂಗ್ ಆಗಿ ಬಂದ ಕಾಳು 8,000 ಕೆಜಿ, ಅದರಲ್ಲಿ ಹುರಿಯಲು ಹೋದದ್ದು 1,200 ಕೆಜಿ ಎಂದರೆ ಶೇ 15 ಪುಡಿಯ ಪಾಲು. ಹುರಿದಾಗ ತೂಕ ಇಳಿಯುತ್ತದೆ. ಆದ್ದರಿಂದ ಎಣಿಸಬೇಕಾದ್ದು ಹುರಿಯುವ ಯಂತ್ರಕ್ಕೆ ಹೋದ ಹಸಿಕಾಳಿನ ತೂಕವನ್ನು, ಹೊರಬಂದ ಪುಡಿಯದ್ದನ್ನಲ್ಲ. ಯಾವ ಆಧಾರದ ಮೇಲೆ ಹಂಚುತ್ತೀರೋ ಅದನ್ನು ಆಡಿಟರ್ ಜೊತೆ ಒಮ್ಮೆ ಮಾತಾಡಿ ಗೊತ್ತುಮಾಡಿಕೊಂಡು ಪ್ರತಿ ವರ್ಷ ಅದನ್ನೇ ಅನುಸರಿಸಿ.

ತೋಟದ ಖರ್ಚಿನ ಗ್ರೂಪನ್ನು ಇನ್‌ಡೈರೆಕ್ಟ್‌ನಿಂದ ತೆಗೆದು ಡೈರೆಕ್ಟ್ ಎಕ್ಸ್‌ಪೆನ್ಸಸ್ ಅಡಿಗೆ ತನ್ನಿ. ಈಗಿರುವಂತೆ ಕಳೆಯಿಂದ ಹಿಡಿದು ಕ್ಯೂರಿಂಗ್ ಚಾರ್ಜಿನವರೆಗೆ ಎಲ್ಲವೂ ಇನ್‌ಡೈರೆಕ್ಟ್‌ನಲ್ಲಿ ಕೂತಿರುವುದರಿಂದ ನಿಮ್ಮ ಗ್ರಾಸ್ ಪ್ರಾಫಿಟ್ (ಮಾರಾಟದಿಂದ ನೇರ ಖರ್ಚು ಮಾತ್ರ ಕಳೆದ ಲಾಭ) ಹೆಚ್ಚುಕಡಿಮೆ ಇಡೀ ಮಾರಾಟದಷ್ಟೇ ತೋರುತ್ತಿರಬೇಕು. ಒಳಗಿನ ವಿಂಗಡಣೆಗೆ ಎರಡು ದಾರಿಗಳಿವೆ. ಕೂಲಿಯೆಲ್ಲ ಒಂದು ಕಡೆ, ಸಾಮಾನೆಲ್ಲ ಒಂದು ಕಡೆ ಇಡಬಹುದು. ಇಲ್ಲವೇ ಕೆಲಸದ ಪ್ರಕಾರ ಇಡಬಹುದು. ನಾನು ಎರಡನೆಯದನ್ನೇ ಹೇಳುತ್ತೇನೆ. ಮುಂಗಾರಿಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಸಿದಾಗ ನಿಮಗೆ ತಿಳಿಯಬೇಕಾದ್ದು ಒಂದು ಸುತ್ತಿಗೆ ಎಷ್ಟು ಬಿತ್ತು ಎಂದು. ಮೈಲುತುತ್ತು, ಸುಣ್ಣ, ಪಂಪಿನ ಪೆಟ್ರೋಲು, ಆಳಿನ ಕೂಲಿ ಎಲ್ಲ 'ಸಿಂಪಡಣೆ' ಗ್ರೂಪಿನಲ್ಲಿ ಸೇರಿದರೆ ಅದು ಒಂದೇ ಸಾಲಿನಲ್ಲಿ ಕಾಣುತ್ತದೆ. ಹೀಗೆಯೇ ಕಳೆ, ಗೊಬ್ಬರ, ಮರಗಸಿ, ಚಿಗುರು ತೆಗೆಯುವುದು, ನೀರು, ಕೊಯ್ಲು, ಪಲ್ಪಿಂಗ್ ಮತ್ತು ಕಣ, ಕ್ಯೂರಿಂಗ್. ಟ್ಯಾಲಿಯಲ್ಲಿ ಒಂದೇ ಹೆಸರಿನ ಎರಡು ಲೆಜರ್ ಇರುವಂತಿಲ್ಲ, ಅದಕ್ಕೆ 'ಸಿಂಪಡಣೆ ಕೂಲಿ', 'ಗೊಬ್ಬರ ಕೂಲಿ' ಎಂದು ಕೆಲಸದ ಹೆಸರನ್ನು ಮುಂದಿಟ್ಟು ಬರೆಯಿರಿ, ಪಟ್ಟಿಯಲ್ಲಿ ಅಕ್ಕಪಕ್ಕ ಬರುತ್ತವೆ.

ಹಾಗಾದರೆ ವರ್ಷದ ಒಟ್ಟು ಕೂಲಿ ಎಷ್ಟೆಂದು ಬೇಕಾದಾಗ? ಅದಕ್ಕೆ ಕರೆಂಟ್ ಲಯಬಿಲಿಟೀಸ್ ಅಡಿಯಲ್ಲಿ 'ಬಟವಾಡೆ ಬಾಕಿ' ಎಂಬ ಒಂದೇ ಲೆಜರ್ ತೆರೆಯಿರಿ. ವಾರದ ಚೆಕ್‌ರೋಲ್ ಮುಗಿದಾಗ ಎಲ್ಲ ಕೂಲಿ ಖಾತೆಗಳೂ ಡೆಬಿಟ್, ಬಟವಾಡೆ ಬಾಕಿ ಕ್ರೆಡಿಟ್. ಹಣ ಕೊಟ್ಟಾಗ ಬಾಕಿ ಡೆಬಿಟ್, ಕ್ಯಾಶ್ ಕ್ರೆಡಿಟ್. ಆ ಲೆಜರಿನ ಕ್ರೆಡಿಟ್ ಬದಿಯ ಒಟ್ಟು ಮೊತ್ತವೇ ವರ್ಷದ ಕೂಲಿ, ಅದು ಚೆಕ್‌ರೋಲಿನ ಮೊತ್ತಕ್ಕೆ ತಾಳೆಯಾಗಬೇಕು. ಆಗದಿದ್ದರೆ ಯಾವ ವಾರದಲ್ಲಿ ತಪ್ಪಿದೆ ಎಂದು ಹುಡುಕಲು ಐದು ನಿಮಿಷ ಸಾಕು.

ಇನ್‌ಡೈರೆಕ್ಟ್ ಎಕ್ಸ್‌ಪೆನ್ಸಸ್‌ನಲ್ಲಿ ಉಳಿಯಬೇಕಾದವು ಆಫೀಸು, ಫೋನು, ಬ್ಯಾಂಕ್ ಚಾರ್ಜ್, ಬಡ್ಡಿ, ಆಡಿಟ್ ಫೀ ಇಂಥವು. ಅದರ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ.

ಯೋಚಿಸಬೇಕಾದ್ದು ಖರ್ಚೇ ಅಲ್ಲದೆ ಖರ್ಚಿನಲ್ಲಿ ಕೂತಿರುವವುಗಳ ಬಗ್ಗೆ. ನಿಮ್ಮಂಥ ತೋಟದ ಲೆಕ್ಕಗಳಲ್ಲಿ ನಾಲ್ಕು ಕಡೆ ಇದನ್ನು ಮತ್ತೆಮತ್ತೆ ನೋಡಿದ್ದೇನೆ. ಮೊದಲನೆಯದು ಆಳುಗಳಿಗೆ ಕೊಟ್ಟ ಮುಂಗಡ. ಅದು ನಿಮಗೆ ಬರಬೇಕಾದ ಹಣ, ಲೋನ್ಸ್ ಅಂಡ್ ಅಡ್ವಾನ್ಸಸ್ ಅಡಿಯಲ್ಲಿ 'ಕಾರ್ಮಿಕರ ಮುಂಗಡ' ಗ್ರೂಪಿನಲ್ಲಿ ಒಬ್ಬೊಬ್ಬರ ಹೆಸರಿನ ಲೆಜರ್ ಇರಬೇಕು. ವಾರದ ಕೂಲಿ 42,000, ಮುಂಗಡಕ್ಕೆ ಮುರಿದದ್ದು 6,000, ಕೈಗೆ ಕೊಟ್ಟದ್ದು 36,000 ಆದರೆ ಖರ್ಚು 42,000ವೇ. 36,000 ಮಾತ್ರ ಬರೆದು, ಹಿಂದೆ ಕೊಟ್ಟ ಮುಂಗಡವನ್ನೂ ಖರ್ಚು ಬರೆದಿದ್ದರೆ ಯಾರ ಬಾಕಿ ಎಷ್ಟೆಂಬುದು ಪುಸ್ತಕದಲ್ಲಿ ಉಳಿದಿರುವುದಿಲ್ಲ. ಆಗ ಒಂದು ಕುಟುಂಬ ಊರಿಗೆ ಹೊರಟು ನಿಂತಾಗ ಜಗಳಕ್ಕೆ ದಾರಿಯಾಗುತ್ತದೆ, ನಷ್ಟವಾಗುವುದು ಹೆಚ್ಚಾಗಿ ಓದು ಬಾರದ ಆಳಿಗೇ. ನಿಮ್ಮ ಈ ಒಂದು ಗ್ರೂಪ್ ಚೊಕ್ಕವಾಗಿರಲೆಂದು ನಾನು ವಿಶೇಷವಾಗಿ ಬೇಡಿಕೊಳ್ಳುತ್ತೇನೆ.

ಎರಡನೆಯದು ಸಾಲದ ಕಂತು. ಪೂರ್ತಿ ಕಂತನ್ನು ಖರ್ಚು ಬರೆಯುವಂತಿಲ್ಲ. ಅಸಲು ಸಾಲದ ಖಾತೆಗೆ, ಬಡ್ಡಿ ಮಾತ್ರ ಖರ್ಚಿಗೆ. ಮೂರನೆಯದು ಮನೆಖರ್ಚು. ದಿನಸಿ, ಮಕ್ಕಳ ಫೀಸು, ಮದುವೆ ಮುಯ್ಯಿ ಎಲ್ಲ ಕ್ಯಾಪಿಟಲ್ ಅಕೌಂಟಿನ ಅಡಿಯಲ್ಲಿ 'ಡ್ರಾಯಿಂಗ್ಸ್' ಎಂಬ ಖಾತೆಗೆ. ಹೋಂಸ್ಟೇ ಅಡುಗೆಯ ದಿನಸಿ ಮತ್ತು ಮನೆಯ ದಿನಸಿ ಒಂದೇ ಬಿಲ್ಲಿನಲ್ಲಿ ಬಂದರೆ ಬಿಲ್ಲಿನ ಮೇಲೇ ಪೆನ್ನಿನಲ್ಲಿ ಭಾಗ ಮಾಡಿ ಬರೆಯಿರಿ.

ನಾಲ್ಕನೆಯದು ಗಿಡ ನೆಡುವ ಖರ್ಚು. ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡ ಕಿತ್ತು ಅದೇ ಜಾಗಕ್ಕೆ ಬೇರೆ ಗಿಡ ಇಟ್ಟರೆ ಆ ಖರ್ಚನ್ನು ಆದಾಯದಿಂದ ಕಳೆಯಲು 7ಬಿಯಲ್ಲೇ ಅವಕಾಶವಿದೆ. ಸತ್ತ ಅಥವಾ ಇನ್ನು ಫಸಲು ಕೊಡದ ಗಿಡಗಳ ಬದಲಿಗೆ, ಹಿಂದೆಯೇ ಕಾಫಿ ಇದ್ದ, ಕೈಬಿಡದ ಜಾಗದಲ್ಲಿ ನೆಟ್ಟದ್ದಕ್ಕೆ ಮಾತ್ರ ಅದು. ಖಾಲಿ ಜಾಗದಲ್ಲಿ ಹೊಸ ತೋಟ ಎಬ್ಬಿಸಿದರೆ ಅದು ಬಂಡವಾಳ. 'ಸಸಿ ಖರ್ಚು' ಎಂದು ಒಂದೇ ಲೆಜರ್ ಇದ್ದರೆ ಇವೆರಡೂ ಬೆರೆತುಹೋಗುತ್ತವೆ. 'ಬದಲಿ ಗಿಡ' ತೋಟದ ಖರ್ಚಿನಲ್ಲಿ, 'ಹೊಸ ತೋಟ' ಫಿಕ್ಸೆಡ್ ಅಸೆಟ್ಸ್‌ನಲ್ಲಿ ಇರಲಿ.

ಫಿಕ್ಸೆಡ್ ಅಸೆಟ್ಸ್ ಮಾತು ಬಂದದ್ದರಿಂದ ಹೇಳುತ್ತೇನೆ, ಅಲ್ಲಿನ ಉಪಗ್ರೂಪ್‌ಗಳನ್ನು ಸವಕಳಿ ದರದ ಪ್ರಕಾರ ಮಾಡಿದರೆ ಆಡಿಟರ್ ಕೆಲಸ ಅರ್ಧವಾಗುತ್ತದೆ. ಪಲ್ಪರ್, ಹುರಿಯುವ ಯಂತ್ರ, ಮೋಟರುಗಳು ಸಾಮಾನ್ಯವಾಗಿ ಶೇ 15ರ ಗುಂಪಿಗೆ, ಪೀಠೋಪಕರಣ ಶೇ 10ಕ್ಕೆ, ಕಂಪ್ಯೂಟರ್ ಶೇ 40ಕ್ಕೆ. ಜಮೀನಿಗೆ ಸವಕಳಿಯಿಲ್ಲ, ಅದು ಪ್ರತ್ಯೇಕವಾಗಿರಲಿ.

ಜಿಎಸ್‌ಟಿಯಲ್ಲಿ ಒಂದು ಸೂಕ್ಷ್ಮವಿದೆ. ಹುರಿಯದ ಕಾಳಿಗೆ ತೆರಿಗೆಯಿಲ್ಲ, ಹುರಿದ ಪುಡಿಗೆ ಶೇ 5. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೂ 2025ರ ಸೆಪ್ಟೆಂಬರ್ 22ರಿಂದ ಶೇ 5. ಎರಡೂ ಒಂದೇ ದರ ಎಂದು ಒಟ್ಟಿಗೆ ಹಾಕಬೇಡಿ. ಪುಡಿಗಾಗಿ ಕೊಂಡ ಪೊಟ್ಟಣ, ಲೇಬಲ್ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ರೂಮಿನ ಶೇ 5 ಇನ್‌ಪುಟ್ ಕ್ರೆಡಿಟ್ ಇಲ್ಲದ ದರ. ಹೋಂಸ್ಟೇಗೆ ಕೊಂಡ ಹೊದಿಕೆಯ ಬಿಲ್ಲಿನ ಜಿಎಸ್‌ಟಿ ಆ ಹೊದಿಕೆಯ ಬೆಲೆಗೇ ಸೇರಿ ಹೋಂಸ್ಟೇ ಖರ್ಚಾಗಬೇಕು. ಡ್ಯೂಟೀಸ್ ಅಂಡ್ ಟ್ಯಾಕ್ಸಸ್ ಅಡಿಯಲ್ಲಿರುವ ಇನ್‌ಪುಟ್ ಖಾತೆಗೆ ಅದು ಹೋಗಕೂಡದು. ಹೋಂಸ್ಟೇ ಖರ್ಚಿಗೆ ಪ್ರತ್ಯೇಕ ಗ್ರೂಪ್ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಸಾಫ್ಟ್‌ವೇರಿನ ಕೆಲಸ. ಟ್ಯಾಲಿಯಲ್ಲಿ ಮೊದಲೇ 28 ಗ್ರೂಪ್‌ಗಳಿವೆ, 15 ಮೂಲದವು, 13 ಅವುಗಳ ಅಡಿಯವು. ಅವುಗಳ ಪಕ್ಕದಲ್ಲಿ ಹೊಸ ಮೂಲ ಗ್ರೂಪ್ ಮಾಡಬೇಡಿ, ಯಾವುದಾದರೊಂದರ ಅಡಿಗೇ ನಿಮ್ಮದನ್ನು ಸೇರಿಸಿ. ಟ್ಯಾಲಿಯಲ್ಲಿ ನಮೂದು ಬೀಳುವುದು ಲೆಜರಿಗೆ ಮಾತ್ರ, ಗ್ರೂಪಿಗೆ ಬೀಳದು. ಅದು ಒಳ್ಳೆಯ ಕಟ್ಟುಪಾಡು. ಜೋಹೋದಲ್ಲಿ ಮುಖ್ಯ ಖಾತೆಯೂ ಒಂದು ಖಾತೆಯೇ, ಅದಕ್ಕೆ ನೇರವಾಗಿ ನಮೂದಿಸಬಹುದು. ಹಾಗೆ ಮಾಡಿದರೆ ಉಪಖಾತೆಗಳ ಮೊತ್ತಕ್ಕೂ ಮೇಲಿನ ಮೊತ್ತಕ್ಕೂ ವ್ಯತ್ಯಾಸ ಬಂದು ತಲೆ ಕೆಡುತ್ತದೆ. ಅದನ್ನು ಬಳಸುವವರು ಕಡೆಯ ಉಪಖಾತೆಗೆ ಮಾತ್ರ ಬರೆಯುವ ಅಭ್ಯಾಸ ಇಟ್ಟುಕೊಳ್ಳಬೇಕು. ಆಳ ಮೂರು ಹಂತ ಸಾಕು. ಇಸವಿಯನ್ನು ಲೆಜರ್ ಹೆಸರಿಗೆ ಸೇರಿಸುವುದು ಬೇಡವೇ ಬೇಡ. 'ಗೊಬ್ಬರ 2023-24' ಎಂಬಂಥವು ನಿಮ್ಮ 214ರಲ್ಲಿ ಇದ್ದರೆ ಅವೇ ಮೊದಲು ಹೋಗಬೇಕಾದವು.

ಎಚ್ಚರ ಬೇಕಾದ ಜಾಗ ಒಂದಿದೆ. ಟ್ಯಾಲಿಯಲ್ಲಿ ಲೆಜರಿನ ಗ್ರೂಪ್ ಬದಲಿಸಿದರೆ ಆ ಬದಲಾವಣೆ ಇಂದಿನಿಂದ ಮುಂದಕ್ಕಷ್ಟೇ ಅಲ್ಲ, ಆ ಫೈಲಿನ ಹಿಂದಿನ ವರ್ಷಗಳಿಗೂ ಹಬ್ಬುತ್ತದೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಆಲ್ದೂರು ಕಡೆಯ ಒಂದು ತೋಟದ ಲೆಕ್ಕದಲ್ಲಿ ಖರ್ಚಿನಲ್ಲಿದ್ದ ಮುಂಗಡದ ಲೆಜರನ್ನು ನಾನು ನೇರವಾಗಿ ಆಸ್ತಿಯ ಗ್ರೂಪಿಗೆ ಸರಿಸಿಬಿಟ್ಟೆ. ರಿಟರ್ನ್ ಸಲ್ಲಿಸಿ ಮುಗಿದಿದ್ದ ಮೂರು ವರ್ಷಗಳ ಲಾಭ ಪರದೆಯ ಮೇಲೆ ಬದಲಾಗಿ ಹೋಯಿತು. ಬ್ಯಾಕಪ್ ಇದ್ದದ್ದರಿಂದ ಉಳಿದುಕೊಂಡೆವು. ಖರ್ಚಿನಿಂದ ಖರ್ಚಿಗೆ ಸರಿಸುವಾಗ ನಿವ್ವಳ ಲಾಭ ಬದಲಾಗುವುದಿಲ್ಲ, ಗ್ರಾಸ್ ಪ್ರಾಫಿಟ್ ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಖರ್ಚಿನಿಂದ ಆಸ್ತಿಗೆ ಅಥವಾ ಸಾಲಕ್ಕೆ ಸರಿಸುವುದಿದ್ದರೆ ಹಳೆಯ ಲೆಜರ್ ಮುಟ್ಟದೆ ಹೊಸದನ್ನು ತೆರೆದು, ಆಡಿಟರನ್ನು ಕೇಳಿ ಜರ್ನಲ್ ನಮೂದಿನಿಂದ ತನ್ನಿ.

ಹನ್ನೊಂದು ಕಳೆ ಲೆಜರ್‌ಗಳನ್ನು ಒಂದು ಮಾಡುವುದು ಇದಕ್ಕಿಂತ ಸುಲಭ. ಖರ್ಚಿನ ಖಾತೆಗಳು ಪ್ರತಿ ಏಪ್ರಿಲ್ 1ಕ್ಕೆ ಸೊನ್ನೆಯಿಂದ ಶುರುವಾಗುವುದರಿಂದ ಮುಂದಕ್ಕೆ ತರಬೇಕಾದ ಶಿಲ್ಕು ಏನೂ ಇರುವುದಿಲ್ಲ. 'ಕಳೆ' ಗ್ರೂಪಿನೊಳಗೆ 'ಹಳೆಯ ಕಳೆ ಖಾತೆಗಳು' ಎಂದು ಇನ್ನೊಂದು ಗ್ರೂಪ್ ಮಾಡಿ ಹನ್ನೊಂದನ್ನೂ ಅಲ್ಲಿಗೆ ಸರಿಸಿ. ಏಪ್ರಿಲ್‌ನಿಂದ ಹೊಸ ಲೆಜರಿಗೆ ಮಾತ್ರ ಬರೆಯಿರಿ. ಹಳೆಯ ವರ್ಷ ತೆಗೆದರೂ ಹೊಸ ವರ್ಷ ತೆಗೆದರೂ 'ಕಳೆ' ಎಂಬ ಸಾಲಿನಲ್ಲಿ ಒಟ್ಟು ಮೊತ್ತ ಸಿಗುತ್ತದೆ, ಹೋಲಿಸಲು ಬರುತ್ತದೆ.

ಮೊದಲ ಸಂಜೆ ಟ್ಯಾಲಿಯಲ್ಲಿ ಏನನ್ನೂ ಬದಲಿಸಬೇಡಿ. ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ, ಹಿಂದಿನ ವರ್ಷಗಳ ಟ್ರಯಲ್ ಬ್ಯಾಲೆನ್ಸ್ ಪ್ರಿಂಟ್ ಮಾಡಿ, 214 ಹೆಸರುಗಳ ಪಟ್ಟಿಯನ್ನು ಕಾಗದದ ಮೇಲೆ ಇಟ್ಟುಕೊಂಡು ಒಂದೊಂದರ ಮುಂದೆಯೂ ಅದು ಹೋಗಬೇಕಾದ ಗ್ರೂಪನ್ನು ಪೆನ್ಸಿಲಿನಲ್ಲಿ ಬರೆಯಿರಿ. ಸಾಧ್ಯವಾದರೆ ನಿಮ್ಮ ಹಳೆಯ ರೈಟರನ್ನು ಒಂದು ಸಂಜೆ ಕಾಫಿಗೆ ಕರೆಯಿರಿ. 'ಇತರೆ', 'ಸಾದಿಲ್ವಾರು' ಎಂಬ ಖಾತೆಗಳಲ್ಲಿ ಏನೇನು ಹಾಕಿದ್ದಾರೆಂದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.